ಇಲಿಯ ಬಾಯಲ್ಲಿ ನಮ್ಮ ಮಾತು

ಕಳೆದ ತಿಂಗಳು ನಮ್ಮ ಬಡಾವಣೆಯ ಸಭಾಮಂದಿರದಲ್ಲಿ ಒಂದು ಉಪನ್ಯಾಸ ನಡೆಯಿತು. ಭಾಷಣಕಾರರು ಸೊಗಸುಗಾರರು, ಮಾತು ಅರಳು ಹುರಿದಂತೆ. ವಿಷಯ, 'ಡೋಪಮಿನ್‌ನಿಂದ ಬಿಡುಗಡೆ'. ಮನುಷ್ಯನ ಮಿದುಳಿನಲ್ಲಿ ಡೋಪಮಿನ್ ಎಂಬುದೊಂದು ಆನಂದರಸವಿದೆಯಂತೆ. ಮೊಬೈಲು ಟಿಣ್ ಎಂದರೆ ಒಂದು ತೊಟ್ಟು, ಜಿಲೇಬಿ ತಿಂದರೆ ಎರಡು ತೊಟ್ಟು, ಕೊಕೇನ್ ಸೇದಿದರೆ ಒಂದು ಕೊಡ. ಹೀಗೆ ಅದು ಸುರಿಯುತ್ತದಂತೆ. ಇಲಿಯೊಂದರ ಮುಂದೆ ಸನ್ನೆಕೋಲನ್ನಿಟ್ಟು, ಒತ್ತಿದಾಗಲೆಲ್ಲ ಆ ರಸ ಒಸರುವಂತೆ ಮಾಡಿದರೆ, ಅದು ಅನ್ನನೀರು ಬಿಟ್ಟು ಒತ್ತಿ ಒತ್ತಿಯೇ ಪ್ರಾಣಬಿಟ್ಟಿತಂತೆ. ನಾವೆಲ್ಲರೂ ಆ ಇಲಿಗಳೇ. ಆದುದರಿಂದ ಏಕಾದಶಿಯಂತೆ ವಾರಕ್ಕೊಂದು ದಿನ ಡೋಪಮಿನ್ ಉಪವಾಸ ಮಾಡತಕ್ಕದ್ದು. ಸಭಿಕರು ಚಪ್ಪಾಳೆ ತಟ್ಟಿದರು. ಉಪನ್ಯಾಸ ಮುಗಿದ ಮೇಲೆ ಎಲ್ಲರಿಗೂ ಕಾಫಿ ಕೊಟ್ಟರು.

ನಾನು ಚಪ್ಪಾಳೆ ತಟ್ಟಲಿಲ್ಲ. ಎದ್ದು ನಿಂತು ನಾಲ್ಕು ಪ್ರಶ್ನೆ ಕೇಳಬೇಕಾಗಿತ್ತು, ಅದನ್ನೂ ಮಾಡಲಿಲ್ಲ. ಮನೆಗೆ ಮರಳುವಾಗ ಪಕ್ಕದ ಮನೆಯ ಅಜ್ಜಿ ಜೊತೆಯಾದರು. ಅವರ ಮೊಮ್ಮಗನಿಗೆ ಒಂಬತ್ತು ವರ್ಷ. ಒಂದೆಡೆ ಕೂಡಲಾರದ, ಹಿಡಿದ ಕೆಲಸ ಮುಗಿಸಲಾರದ ಹುಡುಗ. ಮನೋವೈದ್ಯರು ಪರೀಕ್ಷೆ ಮಾಡಿ ಮೀಥೈಲ್‌ಫೆನಿಡೇಟ್ ಎಂಬ ಗುಳಿಗೆಯನ್ನು ಬರೆದುಕೊಟ್ಟಿದ್ದಾರೆ. ನಾಲ್ಕು ತಿಂಗಳಿಂದ ಕೊಡುತ್ತಿದ್ದಾರೆ. ಹುಡುಗ ಈಗ ಲೆಕ್ಕದ ಪುಸ್ತಕದ ಮುಂದೆ ಅರ್ಧಗಂಟೆ ಕೂಡುತ್ತಾನೆ. ಅಜ್ಜಿ ಕೇಳಿದರು: "ಮೇಷ್ಟ್ರೇ, ಆ ಗುಳಿಗೆಯೂ ಇದೇ ಡೋಪಮಿನ್ ಏರಿಸುತ್ತದೆ ಅಂತಲ್ಲವೆ? ಕೊಕೇನಿನ ಜಾತಿಯೇ ಅಂತಲ್ಲವೆ? ಹಾಗಾದರೆ ನಾವೇ ಮಗುವಿಗೆ ಚಟ ಹಚ್ಚುತ್ತಿದ್ದೇವೆಯೆ?" ನಾನು ಉತ್ತರ ಹುಡುಕುತ್ತಿರುವಾಗಲೇ ಅವರು, "ನಾಳೆಯಿಂದ ಕೊಡುವುದಿಲ್ಲ" ಎಂದು ತೀರ್ಮಾನ ಹೇಳಿ ಗೇಟು ಹಾಕಿಕೊಂಡರು.

ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಈ ಲೇಖನ ಬರೆಯುವುದಕ್ಕೆ ನನಗಿರುವ ಅಧಿಕಾರ ಇಷ್ಟೆ: ನಾನು ಮೂವತ್ತು ವರ್ಷ ಔಷಧಶಾಸ್ತ್ರದ ಪಾಠ ಹೇಳಿದವನು, ಮತ್ತು ಅದರಲ್ಲಿ ಮೊದಲ ಹತ್ತು ವರ್ಷ ಆ ಭಾಷಣಕಾರರು ಹೇಳಿದ ತಪ್ಪನ್ನೇ ಹೇಳಿದವನು. ಆದುದರಿಂದ ಇದು ಪರನಿಂದೆ ಮಾತ್ರವಲ್ಲ.

ಮೊದಲು ಆ ಸನ್ನೆಕೋಲಿನ ಇಲಿಯನ್ನು ವಿಚಾರಿಸೋಣ. ಕೆನಡ ದೇಶದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಎಂಬಿಬ್ಬರು ಇಲಿಯ ಮಿದುಳಿನೊಳಕ್ಕೆ ಸಣ್ಣ ತಂತಿ ಇಳಿಸಿ, ಸನ್ನೆಕೋಲು ಒತ್ತಿದರೆ ಅಲ್ಲಿಗೆ ಕ್ಷಣಕಾಲ ವಿದ್ಯುತ್ತು ಹರಿಯುವಂತೆ ಮಾಡಿದರು. ಇಲಿ ಮತ್ತೆ ಮತ್ತೆ, ಗಂಟೆಗೆ ನೂರಾರು ಸಲ ಒತ್ತಿತು. ಇದು ೧೯೫೪ರಲ್ಲಿ ಪ್ರಕಟವಾಯಿತು. ದೊಡ್ಡ ಶೋಧವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಇಲಿ ಒತ್ತಿದ್ದು ವಿದ್ಯುತ್ತಿಗಾಗಿ; ಒತ್ತಿ ಒತ್ತಿ ಸತ್ತಿತೆಂಬುದು ಆ ಲೇಖನದಲ್ಲಿಲ್ಲ; ಡೋಪಮಿನ್ನಿಗೆ ಮಿದುಳಿನಲ್ಲಿ ತನ್ನದೇ ಆದ ಕೆಲಸವಿದೆಯೆಂದು ಗೊತ್ತಾದದ್ದೇ ಅದಾದ ಮೂರು ವರ್ಷಗಳ ನಂತರ. ಎಂದಮೇಲೆ, ಹುಟ್ಟದ ಕೂಸಿಗೆ ಕುಲಾವಿ ಹೊಲಿದವರು ಓಲ್ಡ್ಸ್ ಅಲ್ಲ, ಆಮೇಲೆ ಬಂದ ನಾವು.

ಡೋಪಮಿನ್ನನ್ನು ಸುಖದೊಂದಿಗೆ ಗಂಟುಹಾಕಿದವರಲ್ಲಿ ಮುಖ್ಯರು ರಾಯ್ ವೈಸ್. ೧೯೭೮ರಲ್ಲಿ ಅವರು ಇಲಿಗಳಿಗೆ ಡೋಪಮಿನ್ನಿನ ಕೆಲಸವನ್ನು ತಡೆಯುವ ಪಿಮೊಜೈಡ್ ಎಂಬ ಔಷಧ ಕೊಟ್ಟು ನೋಡಿದರು. ಆಹಾರಕ್ಕಾಗಿ ಸನ್ನೆಕೋಲು ಒತ್ತುತ್ತಿದ್ದ ಇಲಿಗಳು, ಆಹಾರ ಸಿಗುತ್ತಿದ್ದರೂ, ದಿನದಿಂದ ದಿನಕ್ಕೆ ಒತ್ತುವುದನ್ನು ಕಡಿಮೆ ಮಾಡಿದವು. ಆಹಾರದ ಸ್ವಾದವೇ ಹೊರಟುಹೋಗಿರಬೇಕು ಎಂದು ಅವರು ಊಹಿಸಿದರು. ಊಹೆ ಒಳ್ಳೆಯದೇ, ಪರೀಕ್ಷಿಸಲು ಯೋಗ್ಯವಾದದ್ದೇ. ಪರೀಕ್ಷಿಸಿದರು, ಅದು ನಿಲ್ಲಲಿಲ್ಲ. ವೈಸ್ ಅವರೇ ಮುಂದೆ, ತೊಂಬತ್ತರ ದಶಕದಲ್ಲಿ, ಡೋಪಮಿನ್ನಿನ ಅಳತೆಯೇ ಸುಖದ ಅಳತೆಯೆಂದು ತಾವು ಇನ್ನು ನಂಬುವುದಿಲ್ಲವೆಂದು ಬಹಿರಂಗವಾಗಿ ಒಪ್ಪಿಕೊಂಡರು. ತನ್ನ ಕೂಸನ್ನು ತಾನೇ ತಪ್ಪೆನ್ನುವ ಎದೆಗಾರಿಕೆ ಎಷ್ಟು ಜನಕ್ಕಿದೆ? ತಂದೆಯೇ ಕೈಬಿಟ್ಟ ಆ ಕೂಸನ್ನು ನಮ್ಮ ಭಾಷಣಕಾರರು ಇನ್ನೂ ಪಲ್ಲಕ್ಕಿಯಲ್ಲಿ ಹೊತ್ತು ಮೆರೆಸುತ್ತಿದ್ದಾರೆ.

ಡೋಪಮಿನ್ನಿನ ನಿಜವಾದ ಕಥೆ ಮೊಲದಿಂದ ಆರಂಭವಾಗುತ್ತದೆ, ಮತ್ತು ಅದರ ಒಂದು ಬೇರು ನಮ್ಮ ನೆಲದಲ್ಲಿದೆ. ಬೇರು ಎಂದರೆ ಅಕ್ಷರಶಃ ಬೇರು: ಸರ್ಪಗಂಧ. ೧೯೩೧ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅದು ರಕ್ತದ ಒತ್ತಡಕ್ಕೂ ಹುಚ್ಚಿಗೂ ಮದ್ದೆಂದು ಬರೆದರು. ೧೯೪೯ರಲ್ಲಿ ಮುಂಬಯಿಯ ಡಾಕ್ಟರ್ ರುಸ್ತುಂ ವಕೀಲ್ ರಕ್ತದೊತ್ತಡದ ರೋಗಿಗಳ ಮೇಲಿನ ಅನುಭವವನ್ನು ಇಂಗ್ಲೆಂಡಿನ ಪತ್ರಿಕೆಯಲ್ಲಿ ಪ್ರಕಟಿಸಿದರು. ೧೯೫೨ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಜ್ಞರು ಆ ಬೇರಿನ ಸಾರವಾದ ರೆಸರ್ಪಿನನ್ನು ಬೇರ್ಪಡಿಸಿದರು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಈ ರೆಸರ್ಪಿನನ್ನು ಮೊಲಗಳಿಗೆ ಚುಚ್ಚಿದಾಗ, ಅವು ಕಿವಿ ಇಳಿಬಿಟ್ಟು ಮಣ್ಣಿನ ಮುದ್ದೆಗಳಂತೆ ಕುಳಿತುಬಿಟ್ಟವು. ಆಮೇಲೆ ಡೋಪಮಿನ್ನಿನ ಕಚ್ಚಾವಸ್ತುವಾದ ಡೋಪಾ ಎಂಬುದನ್ನು ಚುಚ್ಚಿದರು. ಕಾಲುಗಂಟೆಯೊಳಗೆ ಮೊಲಗಳು ಎದ್ದು ಓಡಾಡಿದವು. ಇದು ೧೯೫೭ರ ಮಾತು. ಈ ದಾರಿಯಲ್ಲಿ ನಡೆದ ಕೆಲಸಕ್ಕೆ ೨೦೦೦ದಲ್ಲಿ ಅವರಿಗೆ ನೊಬೆಲ್ ಪಾರಿತೋಷಕದ ಪಾಲು ಬಂತು. ಗಮನಿಸಿ: ಮೊಲಗಳು ಕಳೆದುಕೊಂಡಿದ್ದು ಚಲನೆ, ಮರಳಿ ಪಡೆದದ್ದೂ ಚಲನೆ. ಅವು ಸುಖಪಟ್ಟವೋ ದುಃಖಪಟ್ಟವೋ ಎಂದು ಕಾರ್ಲ್‌ಸನ್ ಕೇಳಲಿಲ್ಲ. ಕೇಳದ್ದನ್ನು ಹೇಳಲೂ ಇಲ್ಲ.

ಹಾಗಾದರೆ ಸುಖದ ಮಾತನ್ನು ಇಲಿಯನ್ನೇ ಕೇಳಲು ಸಾಧ್ಯವೆ? ಸ್ವಲ್ಪಮಟ್ಟಿಗೆ ಸಾಧ್ಯ. ನಾಲಿಗೆಯ ಮೇಲೆ ಸಕ್ಕರೆನೀರು ಬಿಟ್ಟರೆ ಎಳೆಗೂಸು ತುಟಿ ಚಪ್ಪರಿಸುತ್ತದೆ. ಕಹಿ ಬಿಟ್ಟರೆ ಬಾಯಿ ಕಳೆದು ಮುಖ ಹಿಂಡುತ್ತದೆ. ಇಲಿಯೂ ಹಾಗೆಯೇ ಮಾಡುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ ಮತ್ತು ಸಂಗಡಿಗರು ಇಲಿಗಳ ಮಿದುಳಿನ ಡೋಪಮಿನ್ನನ್ನೆಲ್ಲ ಹೆಚ್ಚುಕಡಿಮೆ ಒರಸಿಹಾಕಿದರು. ಆ ಇಲಿಗಳು ತಾವಾಗಿ ತಿನ್ನಲಿಲ್ಲ, ಕುಡಿಯಲಿಲ್ಲ. ನಳಿಕೆಯಿಂದ ಉಣಿಸಿ ಬದುಕಿಸಬೇಕಾಯಿತು. ಆದರೆ ನಾಲಿಗೆಯ ಮೇಲೆ ಸಿಹಿ ಬಿದ್ದಾಗ ಮಾತ್ರ ಮುಂಚಿನಂತೆಯೇ ತುಟಿ ಚಪ್ಪರಿಸಿದವು. ಇದು ೧೯೮೯ರಲ್ಲಿ ಪ್ರಕಟವಾಯಿತು. ಸಿಯಾಟಲ್ ನಗರದ ರಿಚರ್ಡ್ ಪಾಮಿಟರ್ ಅವರ ಪ್ರಯೋಗಶಾಲೆಯಲ್ಲಿ ೧೯೯೫ರಲ್ಲಿ ಡೋಪಮಿನ್ ತಯಾರಿಸಲಾರದ ಚಿಟ್ಟಿಲಿಗಳನ್ನು ಹುಟ್ಟಿಸಿದರು. ಅವು ಕೆಲವೇ ವಾರಗಳಲ್ಲಿ, ಮೂಗಿನೆದುರು ಆಹಾರವಿದ್ದೂ, ಹಸಿದು ಸತ್ತವು. ಡೋಪಾ ಚುಚ್ಚಿದರೆ ಎದ್ದು ಉಂಡವು. ಅದೇ ಇಲಿಗಳು, ಡೋಪಮಿನ್ ಇಲ್ಲದಿರುವಾಗಲೂ, ನೀರು ಮತ್ತು ಸಕ್ಕರೆನೀರುಗಳ ನಡುವೆ ಸಿಹಿಯನ್ನೇ ಆರಿಸಿಕೊಂಡವೆಂದು ೨೦೦೩ರಲ್ಲಿ ತೋರಿಸಿದರು. ಸಿಹಿಯು ಸಿಹಿಯಾಗಿಯೇ ಇತ್ತು. ಅದರ ಕಡೆಗೆ ಹೆಜ್ಜೆಯಿಡುವ ತ್ರಾಣ ಇರಲಿಲ್ಲ.

ಇಲಿಯ ಮಾತು ಬೇಡವೆನ್ನುವವರು ನಮ್ಮ ಬೀದಿಯಲ್ಲೇ ಇರುವ ಪಾರ್ಕಿನ್‌ಸನ್ ರೋಗದ ಹಿರಿಯರೊಬ್ಬರನ್ನು ಕೇಳಲಿ. ಅವರು ದಿನಕ್ಕೆ ನಾಲ್ಕು ಸಲ ನುಂಗುವುದು ಡೋಪಮಿನ್ನಾಗಿ ಮಾರ್ಪಡುವ ಆ ಡೋಪಾವನ್ನೇ. ಡೋಪಮಿನ್ ಆನಂದರಸವಾಗಿದ್ದರೆ ಅವರ ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ನಗೆಯ ಹೊನಲು ಹರಿಯಬೇಕಾಗಿತ್ತು. ಅವರಿಗೆ ದೊರೆಯುವುದು ಅಂಗಿಯ ಗುಂಡಿ ಹಾಕಿಕೊಳ್ಳುವ ಶಕ್ತಿ. ಅದೇನೂ ಸಣ್ಣ ಸುಖವಲ್ಲ, ಆದರೆ ಭಾಷಣಕಾರರು ಹೇಳಿದ ಸುಖ ಅದಲ್ಲ.

ಇನ್ನು ನನ್ನ ಮುಖ್ಯ ಜಗಳಕ್ಕೆ ಬರುತ್ತೇನೆ. 'ಡೋಪಮಿನ್ ಏರಿತು' ಎಂಬ ಮಾತಿಗೆ, ಎಲ್ಲಿ, ಯಾವ ಗ್ರಾಹಕದ ಮೇಲೆ, ಎಂದು ಕೇಳದೆ ಅರ್ಥವೇ ಇಲ್ಲ. ಗ್ರಾಹಕವೆಂದರೆ ಅಂಗಡಿಯ ಗಿರಾಕಿಯಲ್ಲ (ಪತ್ರಿಕೆಗಳ ವಾಣಿಜ್ಯಪುಟ ಆ ಪದವನ್ನು ನಮ್ಮಿಂದ ಕಸಿದುಕೊಂಡಿದೆ). ನರಕೋಶದ ಮೈಮೇಲಿರುವ, ಬಂದ ರಾಸಾಯನಿಕವನ್ನು ಹಿಡಿದು ಒಳಗಿನವರಿಗೆ ಸುದ್ದಿ ಮುಟ್ಟಿಸುವ ಒಂದು ಅಣು. ಒಂದೇ ಚೆಂಡೆಯ ಪೆಟ್ಟಿಗೆ ವೇಷಧಾರಿ ಕುಣಿಯುತ್ತಾನೆ, ತೊಟ್ಟಿಲಿನ ಮಗು ಅಳುತ್ತದೆ, ಹೊರಗೆ ಕಟ್ಟಿದ ದನ ಕಿವಿ ನಿಮಿರಿಸುತ್ತದೆ, ಪೆಟ್ಟು ಒಂದೇ. ಡೋಪಮಿನ್ನಿಗೆ ಒಂದಕ್ಕಿಂತ ಹೆಚ್ಚು ಬಗೆಯ ಗ್ರಾಹಕಗಳಿವೆಯೆಂದು ಕೆಬೇಬಿಯನ್ ಮತ್ತು ಕಾಲ್ನ್ ೧೯೭೯ರಲ್ಲಿ ಸ್ಪಷ್ಟವಾಗಿ ವಿಂಗಡಿಸಿದರು. ಈಗ ಐದು ಬಗೆ ಗೊತ್ತಿವೆ, ಎರಡು ಮನೆತನಗಳಾಗಿ. ಡಿ-ಒಂದರ ಮನೆತನ ಕೋಶದೊಳಗಿನ ಒಂದು ರಾಸಾಯನಿಕ ಸಂದೇಶವನ್ನು ಏರಿಸುತ್ತದೆ. ಡಿ-ಎರಡರ ಮನೆತನ ಅದನ್ನೇ ಇಳಿಸುತ್ತದೆ. ಇನ್ನು ಉತ್ತೇಜಕಗಳೋ, ಇವುಗಳನ್ನು ಮುಟ್ಟುವುದೇ ಇಲ್ಲ. ಹೊರಗೆ ಬಿದ್ದ ಡೋಪಮಿನ್ನನ್ನು ಮತ್ತೆ ಒಳಕ್ಕೆ ಸೆಳೆದುಕೊಳ್ಳುವ ಬಾಗಿಲಿಗೆ ಕೊಕೇನ್ ಅಡ್ಡ ನಿಲ್ಲುತ್ತದೆ. ಆಂಫೆಟಮಿನ್ ಅದೇ ಬಾಗಿಲಿನಿಂದ ಒಳನುಗ್ಗಿ ದಾಸ್ತಾನನ್ನು ಹೊರಕ್ಕೆ ತಳ್ಳುತ್ತದೆ. ಅಲ್ಲಿಗೆ ಮದ್ದಿನ ಕೆಲಸ ಮುಗಿಯಿತು. ಪ್ರಾಣಿ ಏನು ಮಾಡುತ್ತದೆ ಎಂಬುದನ್ನು ನಿರ್ಧರಿಸುವುದು ಗ್ರಾಹಕಗಳು.

ಇದನ್ನು ನನಗೆ ಕಲಿಸಿದ್ದು ಪುಸ್ತಕವಲ್ಲ, ಗಿರಕಿ ಹೊಡೆಯುವ ಇಲಿ. ಸ್ಟಾಕ್‌ಹೋಮಿನ ಅರ್ಬನ್ ಉಂಗರ್‌ಸ್ಟೆಡ್ ೧೯೭೧ರಲ್ಲಿ ವಿವರಿಸಿದ ಪ್ರಯೋಗವನ್ನು ನಾವು ವಿದ್ಯಾರ್ಥಿಗಳಿಗಾಗಿ ಮಾಡಿ ತೋರಿಸುತ್ತಿದ್ದೆವು. ಇಲಿಯ ಮಿದುಳಿನ ಒಂದೇ ಪಕ್ಕದ ಡೋಪಮಿನ್ ನರಗಳನ್ನು ಒಂದು ವಿಷದಿಂದ ಕೊಲ್ಲುವುದು, ಬಲಪಕ್ಕವೆನ್ನೋಣ. ಕೆಲವು ವಾರ ಬಿಟ್ಟು ಆಂಫೆಟಮಿನ್ ಕೊಟ್ಟರೆ ಇಲಿ ಬಲಕ್ಕೆ, ಕೆಟ್ಟ ಪಕ್ಕಕ್ಕೆ, ಗಿರಗಿರನೆ ಸುತ್ತುತ್ತದೆ. ಇದು ತಿಳಿಯುವಂಥದೇ: ದಾಸ್ತಾನಿರುವುದು ಎಡಪಕ್ಕದಲ್ಲಿ ಮಾತ್ರ, ಆ ಪಕ್ಕ ಮೇಲುಗೈಯಾಗಿ ಮೈಯನ್ನು ಬಲಕ್ಕೆ ತಳ್ಳುತ್ತದೆ. ಆಮೇಲೆ ಇನ್ನೊಂದು ದಿನ, ಗ್ರಾಹಕವನ್ನೇ ನೇರವಾಗಿ ತಟ್ಟುವ ಅಪೊಮಾರ್ಫಿನ್ ಎಂಬುದನ್ನು ಅತಿ ಸ್ವಲ್ಪ ಕೊಡಿ. ಅದೇ ಇಲಿ ಎಡಕ್ಕೆ ಸುತ್ತುತ್ತದೆ! ಎರಡೂ ಡೋಪಮಿನ್ನಿನ ಕೆಲಸವನ್ನು 'ಏರಿಸುವ' ಮದ್ದುಗಳೇ. ಒಂದು ಬಲಕ್ಕೆ, ಒಂದು ಎಡಕ್ಕೆ. ಮೊದಲ ಸಲ ನೋಡಿದಾಗ ನನ್ನ ಸಹಾಯಕ, ಸೀಸೆ ಅದಲುಬದಲಾಗಿದೆ ಸಾರ್ ಎಂದ. ಆಗಿರಲಿಲ್ಲ. ವಾರಗಟ್ಟಲೆ ಡೋಪಮಿನ್ ಕಾಣದೆ ಬರದಲ್ಲಿದ್ದ ಬಲಪಕ್ಕದ ಗ್ರಾಹಕಗಳು ಹಸಿದು ಚುರುಕಾಗಿಬಿಟ್ಟಿದ್ದವು. ಎಡಪಕ್ಕ ಗಮನಿಸದಷ್ಟು ಚೂರು ಮದ್ದಿಗೆ ಅವು ಎದ್ದು ಕೂತವು. ನರ ಸತ್ತ ಪಕ್ಕವೇ ಗೆದ್ದಿತು. ಗಂಟೆಗಟ್ಟಲೆ ಕುಳಿತು ಸುತ್ತುಗಳನ್ನು ಎಣಿಸಿ ಪುಸ್ತಕದಲ್ಲಿ ಗೀಟು ಹಾಕುತ್ತಿದ್ದ ನನಗೆ ಒಂದು ಸಂಜೆ ಹೊಳೆಯಿತು: ಬೆಳಗ್ಗೆ ಇದೇ ಹುಡುಗರಿಗೆ, ಉತ್ತೇಜಕ ಡೋಪಮಿನ್ನನ್ನು ಹೆಚ್ಚಿಸುತ್ತದೆ, ಅದರಿಂದ ಸುಖವಾಗುತ್ತದೆ, ಎಂದು ಬರೆಸಿ ಬಂದಿದ್ದೆ. ಈ ಇಲಿಗೆ ಸುಖ ಎಡಕ್ಕೋ ಬಲಕ್ಕೋ?

ಪ್ರಮಾಣದ ಮಾತನ್ನೂ ನೋಡಿ. ಆಂಫೆಟಮಿನ್ ಕೊಂಚ ಕೊಟ್ಟರೆ ಇಲಿ ಗೂಡಿನ ತುಂಬ ಓಡಾಡುತ್ತದೆ. ಹೆಚ್ಚು ಕೊಟ್ಟರೆ ಓಟ ನಿಲ್ಲುತ್ತದೆ; ಒಂದೇ ಮೂಲೆಯಲ್ಲಿ ನಿಂತು ಗಂಟೆಗಟ್ಟಲೆ ಮೂಸುವುದು, ನೆಕ್ಕುವುದು, ಕಂಬಿ ಕಚ್ಚುವುದು. ಡೆನ್ಮಾರ್ಕಿನ ರಾಂಡ್ರುಪ್ ಮತ್ತು ಮುಂಕ್‌ವಾಡ್ ಅರವತ್ತರ ದಶಕದಲ್ಲಿ ಇದನ್ನು ಹಲವು ಪ್ರಾಣಿಗಳಲ್ಲಿಯೂ ಮನುಷ್ಯನಲ್ಲಿಯೂ ಗುರುತಿಸಿದರು. ಓಟಕ್ಕೂ ಕಚ್ಚುವುದಕ್ಕೂ ಮಿದುಳಿನ ಬೇರೆ ಬೇರೆ ನೆಲೆಗಳು ಕಾರಣವೆಂದು ೧೯೭೫ರಲ್ಲಿ ಇಂಗ್ಲೆಂಡಿನಲ್ಲಿ ತೋರಿಸಿದರು. ಆನಂದ ಹೆಚ್ಚಾದಷ್ಟೂ ಕಂಬಿ ಕಚ್ಚುವುದಾದರೆ, ಅಂಥ ಆನಂದಕ್ಕೆ ಬೇರೆ ಹೆಸರು ಹುಡುಕಬೇಕು.

ಅನಂತರ ಬಂದದ್ದು ಒಂದೊಂದೇ ಗ್ರಾಹಕವನ್ನು ಹುಟ್ಟುವ ಮೊದಲೇ ಕಿತ್ತುಹಾಕಿದ ಚಿಟ್ಟಿಲಿಗಳ ಕಾಲ. ಡಿ-ಒಂದು ಇಲ್ಲದ ಇಲಿಗಳು ಕೊಕೇನ್ ಕೊಟ್ಟರೆ ಓಡಲೇ ಇಲ್ಲ (೧೯೯೪). ಆದರೂ ಕೊಕೇನ್ ಸಿಕ್ಕಿದ ಗೂಡನ್ನು ಅವು ಇಷ್ಟಪಟ್ಟು ಅಲ್ಲಿಯೇ ಹೆಚ್ಚು ಹೊತ್ತು ಕಳೆದವು (೧೯೯೫). ಆದರೂ ತಾವಾಗಿ ಸನ್ನೆಕೋಲು ಒತ್ತಿ ಕೊಕೇನ್ ತೆಗೆದುಕೊಳ್ಳಲು ಕಲಿತವು ಬಹಳ ಕಡಿಮೆ (೨೦೦೭). ಓಟ ಬೇರೆ, ಮೆಚ್ಚುಗೆ ಬೇರೆ, ಬೆನ್ನುಹತ್ತಿ ಹೋಗುವುದು ಬೇರೆ. ಒಂದು ಗ್ರಾಹಕ ಕಿತ್ತರೆ ಮೂರೂ ಒಟ್ಟಿಗೆ ಬೀಳಲಿಲ್ಲ. ಡೋಪಮಿನ್ನನ್ನು ಒಳಕ್ಕೆ ಸೆಳೆಯುವ ಬಾಗಿಲೇ ಇಲ್ಲದ ಇಲಿಗಳನ್ನು ಮಾರ್ಕ್ ಕ್ಯಾರನ್ ಅವರ ತಂಡ ಅಮೆರಿಕದಲ್ಲಿ ಬೆಳೆಸಿ ೧೯೯೬ರಲ್ಲಿ ವರದಿ ಮಾಡಿತು. ಹೊರಬಿದ್ದ ಡೋಪಮಿನ್ ಅವುಗಳಲ್ಲಿ ನೂರುಪಟ್ಟು ಹೆಚ್ಚು ಹೊತ್ತು ಉಳಿಯುತ್ತಿತ್ತು. ಗ್ರಾಹಕಗಳು ತಾವಾಗಿ ಸುಮಾರು ಅರ್ಧಕ್ಕೆ ಇಳಿದಿದ್ದವು. ಅವು ಮದ್ದಿಲ್ಲದೆಯೇ ದಿನವಿಡೀ ಓಡುತ್ತಿದ್ದವು. ಇವುಗಳಿಗೆ ಉತ್ತೇಜಕ ಕೊಟ್ಟರೆ? ಶಾಂತವಾದವು! ೧೯೯೯ರಲ್ಲಿ ಅದೇ ತಂಡ ಇದನ್ನು ತೋರಿಸಿತು. ಆ ಶಾಂತಿ ಬಂದದ್ದು ಡೋಪಮಿನ್ನಿನಿಂದಲೂ ಅಲ್ಲ, ಸಿರೊಟೋನಿನ್ ಎಂಬ ಬೇರೊಂದು ರಾಸಾಯನಿಕದ ದಾರಿಯಿಂದ.

ಇಲ್ಲಿಯೇ ನಮ್ಮ ಅಜ್ಜಿಯ ಗುಳಿಗೆಯ ಪ್ರಶ್ನೆ. ಮೀಥೈಲ್‌ಫೆನಿಡೇಟ್ ಕೊಕೇನ್ ಅಡ್ಡಗಟ್ಟುವ ಬಾಗಿಲನ್ನೇ ಅಡ್ಡಗಟ್ಟುತ್ತದೆ, ನಿಜ. ಹಾಗೆಂದು ಎರಡೂ ಒಂದೇ ಎನ್ನುವುದು, ಒಲೆಯೂ ಚಿತೆಯೂ ಬೆಂಕಿಯೇ ಎಂದಂತೆ. ಸೇದಿದ ಕೊಕೇನ್ ಮಿದುಳಿಗೆ ನುಗ್ಗುವ ವೇಗ ಬೇರೆ. ನುಂಗಿದ ಗುಳಿಗೆ ನಿಧಾನವಾಗಿ ಏರುವ ರೀತಿ ಬೇರೆ. ಇಲಿಗಳಿಗೆ ಇದನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ಓಡುತ್ತವೆ. ವೈದ್ಯರು ಕೊಡುವುದಕ್ಕೆ ಹೋಲುವ ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ಓಟ ಹೆಚ್ಚಲಿಲ್ಲ, ನೆನಪಿಟ್ಟು ಮಾಡಬೇಕಾದ ಕೆಲಸವನ್ನು ಚೆನ್ನಾಗಿ ಮಾಡಿದವು. ಡೋಪಮಿನ್ ಮತ್ತು ಅದರ ದಾಯಾದಿಯಾದ ನಾರ್‌ಅಡ್ರಿನಲಿನ್ ಏರಿದ್ದು ಮುಖ್ಯವಾಗಿ ಹಣೆಯ ಹಿಂದಿನ ಮಿದುಳಿನಲ್ಲಿ, ಚಟಕ್ಕೆ ಸಂಬಂಧಿಸಿದ ಒಳನೆಲೆಯಲ್ಲಿ ಅಷ್ಟಾಗಿ ಅಲ್ಲ. ಇದು ೨೦೦೬ರಲ್ಲಿಯೇ ಅಚ್ಚಾಗಿದೆ. ಈ ಗುಳಿಗೆಯಿಂದ ಕೇಡೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಹಸಿವು, ನಿದ್ದೆ, ಬೆಳವಣಿಗೆ ಇವುಗಳ ಮೇಲೆ ವೈದ್ಯರು ಕಣ್ಣಿಡಬೇಕು, ದುರುಪಯೋಗವೂ ಉಂಟು. ಮಗುವಿಗೆ ಕೊಡಿ ಎನ್ನುವ ಅಧಿಕಾರ ನನಗಿಲ್ಲ. ಬಿಡಿ ಎನ್ನುವ ಅಧಿಕಾರ, ಒಂದು ಗಂಟೆಯ ಭಾಷಣಕ್ಕೆ ಹಾರ ಹಾಕಿಸಿಕೊಂಡು ಹೋದವರಿಗೆ ಎಲ್ಲಿಂದ ಬಂತು?

ಇಷ್ಟರಿಂದ ನನ್ನ ಕೋಪ ಇಳಿಯುವುದಿಲ್ಲ. ಏಕೆಂದರೆ ಆ ಉಪನ್ಯಾಸದಲ್ಲಿ ಇನ್ನೊಂದು ಮಾತೂ ಬಂತು: ಚಟಕ್ಕೆ ಬೀಳುವವರು 'ಡೋಪಮಿನ್ನಿಗೆ ದಾಸರಾದ ದುರ್ಬಲರು', ಸಂಯಮವಿಲ್ಲದವರು. ಸಭೆಯಲ್ಲಿದ್ದವರೆಲ್ಲ ಸ್ವಂತ ಮನೆಯುಳ್ಳವರು, ತಲೆದೂಗಿದರು. ಅವರು ಈ ಎರಡು ಸಂಗತಿ ಕೇಳಬೇಕು. ಮೊದಲನೆಯದು ಹಳೆಯದು. ಒಂಟಿಯಾಗಿರುವ ಚಿಟ್ಟಿಲಿಯನ್ನು ಕೊಲ್ಲದ ಪ್ರಮಾಣದ ಆಂಫೆಟಮಿನ್, ಅದೇ ಇಲಿಯನ್ನು ಹತ್ತಾರು ಇಲಿಗಳ ಇಕ್ಕಟ್ಟಿನಲ್ಲಿಟ್ಟರೆ ಕೊಲ್ಲುತ್ತದೆ. ಗನ್ ಮತ್ತು ಗರ್ಡ್ ಎಂಬವರು ೧೯೪೦ರಲ್ಲಿ ಕಂಡರು, ಚಾನ್ಸ್ ಎಂಬವರು ೧೯೪೬ರಲ್ಲಿ ಕ್ರಮವಾಗಿ ಅಳೆದರು. ಮದ್ದು ಅದೇ, ಇಲಿ ಅದೇ, ನೆರೆಹೊರೆ ಬೇರೆ.

ಎರಡನೆಯದು ಅಮೆರಿಕದ ನಾರ್ತ್ ಕೆರೊಲಿನದ್ದು. ಮೈಕೆಲ್ ನೇಡರ್ ಅವರ ತಂಡ ೨೦ ಗಂಡು ಕೋತಿಗಳನ್ನು ಮೊದಲು ಒಂಟಿ ಗೂಡುಗಳಲ್ಲಿಟ್ಟು, ಅವುಗಳ ಮಿದುಳಿನ ಡಿ-ಎರಡು ಗ್ರಾಹಕಗಳನ್ನು ಹೊರಗಿನಿಂದ ಚಿತ್ರ ತೆಗೆದು ಅಳೆಯಿತು. ಆಮೇಲೆ ನಾಲ್ಕು ನಾಲ್ಕನ್ನು ಒಂದು ಗುಂಪು ಮಾಡಿತು. ಕೋತಿಗಳು ತಮ್ಮಲ್ಲಿಯೇ ಜಗಳವಾಡಿ ಯಜಮಾನ, ಆಳು ಎಂದು ಮೇಲುಕೀಳು ಗೊತ್ತುಮಾಡಿಕೊಂಡವು. ಮೂರು ತಿಂಗಳಾದ ಮೇಲೆ ಮತ್ತೆ ಅಳೆದರು. ಯಜಮಾನ ಕೋತಿಗಳಲ್ಲಿ ಗ್ರಾಹಕ ಸುಮಾರು ಐದನೆಯ ಒಂದು ಪಾಲಿನಷ್ಟು ಏರಿತ್ತು, ಆಳುಗಳಲ್ಲಿ ಏರಿರಲಿಲ್ಲ. ಒಂಟಿಯಾಗಿದ್ದಾಗ ಇಲ್ಲದ ಅಂತರ ಅದು. ಅಂದರೆ ಹೆಚ್ಚು ಗ್ರಾಹಕವಿದ್ದವನು ಯಜಮಾನನಾದುದಲ್ಲ, ಯಜಮಾನನಾದವನಿಗೆ ಗ್ರಾಹಕ ಹೆಚ್ಚಿತು. ಆಮೇಲೆ ಕೊಕೇನಿನ ಸನ್ನೆಕೋಲು ಮುಂದಿಟ್ಟರು. ಆಳು ಕೋತಿಗಳು ಒತ್ತಿದವು. ಯಜಮಾನರು ಬರೀ ಉಪ್ಪುನೀರಿಗೆ ಒತ್ತುವುದಕ್ಕಿಂತ ಹೆಚ್ಚು ಒತ್ತಲಿಲ್ಲ. ೨೦೦೨ರಲ್ಲಿ ಪ್ರಕಟವಾದ ಈ ಲೇಖನವನ್ನು ಓದಿದ ರಾತ್ರಿ ನಾನು ಬಹಳ ಹೊತ್ತು ಮಲಗಲಿಲ್ಲ. ಆಳಾಗಿ ಬದುಕುವುದು ಮಿದುಳಿನ ಮೇಲೆ ಕಾಣುವಂತೆ ಗುರುತು ಬಿಡುತ್ತದೆ; ಮುಂದೆ ಬಂದ ವಿಷ ಆ ಗುರುತಿನ ಮೇಲೆ ಬೀಳುತ್ತದೆ. ಯಜಮಾನ ಕೋತಿಯ 'ಸಂಯಮ'ವನ್ನು ಹೊಗಳಲು ಯಾರಾದರೂ ಮುಂದಾದರೆ ಮೊದಲು ಅವನ ಗೂಡಿನ ವ್ಯವಸ್ಥೆ ನೋಡಲಿ.

ಇದನ್ನೂ ಹೇಳಿಬಿಡಬೇಕು, ಇಲ್ಲವಾದರೆ ನಾನೂ ಭಾಷಣಕಾರನಾದೇನು. ಮುಂದೆ, ವರ್ಷಗಟ್ಟಲೆ ಕೊಕೇನ್ ಸಿಕ್ಕ ಮೇಲೆ, ಯಜಮಾನ-ಆಳುಗಳ ಅಂತರ ಬಹುಮಟ್ಟಿಗೆ ಅಳಿಸಿಹೋಯಿತು. ಹೆಣ್ಣು ಕೋತಿಗಳಲ್ಲಿ ೨೦೧೨ರಲ್ಲಿ ನೋಡಿದಾಗ, ಯಜಮಾನಿಯರಿಗೂ ಗ್ರಾಹಕ ಹೆಚ್ಚೇ ಇತ್ತು, ಆದರೆ ಕೊಕೇನಿಗೆ ಹೆಚ್ಚಾಗಿ ಒಲಿದವರೂ ಅವರೇ. ಗ್ರಾಹಕ ಹೆಚ್ಚಾದರೆ ರಕ್ಷೆ ಎಂಬ ಸುಲಭಸೂತ್ರವೂ ಹೀಗೆ ಮುರಿಯಿತು. ಕೋತಿ ಮನುಷ್ಯನಲ್ಲ, ನಿಜ. ಆದರೆ ಇಲಿಯ ಹೆಸರು ಹೇಳಿ ಮನುಷ್ಯನನ್ನು ಬೈಯುವವರು, ಕೋತಿ ಅವರ ಮಾತಿಗೆ ಅಡ್ಡ ಬಂದಾಗ ಮಾತ್ರ ಇದನ್ನು ನೆನಪಿಸಿಕೊಳ್ಳುವುದು ನ್ಯಾಯವಲ್ಲ.

ಕಾಫಿಯ ವಿಚಾರ ಮರೆತೆ. ಡೋಪಮಿನ್ ಉಪವಾಸದ ಉಪದೇಶವಾದ ಮೇಲೆ ಸಭೆಯಲ್ಲಿ ಹಂಚಿದರಲ್ಲ, ಆ ಚಿಕ್ಕಮಗಳೂರಿನ ಕಾಫಿ. ಅದರ ಕೆಫೀನ್ ಡೋಪಮಿನ್ನನ್ನು ಸುರಿಸಿ ನಮ್ಮನ್ನು ಎಬ್ಬಿಸುವುದಿಲ್ಲ. ಅಡಿನೊಸಿನ್ ಎಂಬ ಇನ್ನೊಂದು ರಾಸಾಯನಿಕದ ಗ್ರಾಹಕವನ್ನು ಅದು ಮುಚ್ಚುತ್ತದೆ. ಆ ಗ್ರಾಹಕ ಮಿದುಳಿನ ಒಂದು ಭಾಗದಲ್ಲಿ ಡಿ-ಎರಡರ ಪಕ್ಕದಲ್ಲಿಯೇ, ಅದೇ ಕೋಶದ ಮೇಲೆ ಕುಳಿತು ಅದರ ಕೆಲಸಕ್ಕೆ ಅಡ್ಡಗಾಲು ಹಾಕುತ್ತಿರುತ್ತದೆ. ಅಡ್ಡಗಾಲು ತೆಗೆದರೆ ಇದ್ದಷ್ಟೇ ಡೋಪಮಿನ್ ಹೆಚ್ಚು ಕೆಲಸ ಮಾಡುತ್ತದೆ. ಆ ಗ್ರಾಹಕವಿಲ್ಲದ ಚಿಟ್ಟಿಲಿಗಳಿಗೆ ಕೆಫೀನ್ ಕೊಟ್ಟರೆ ಅವು ಚುರುಕಾಗುವ ಬದಲು ಮಂಕಾದವೆಂದು ೧೯೯೭ರಲ್ಲಿ ತಿಳಿದುಬಂತು. ಅಂದು ಎರಡು ಲೋಟ ಕುಡಿದ ಭಾಷಣಕಾರರು ತಮ್ಮ ವ್ರತಭಂಗವಾಗಲಿಲ್ಲವೆಂದು ಸಮಾಧಾನ ಪಡಬಹುದು.

'ಜನಸಾಮಾನ್ಯರಿಗೆ ಸರಳವಾಗಿ ಹೇಳಬೇಡವೆ?' ಎಂದು ನನ್ನ ಸ್ನೇಹಿತರೊಬ್ಬರು ಆಕ್ಷೇಪಿಸಿದರು. ಹೇಳಬೇಕು. ಸರಳ ಬೇರೆ, ತಪ್ಪು ಬೇರೆ. 'ಡೋಪಮಿನ್ ಪ್ರಾಣಿಯನ್ನು ಎಬ್ಬಿಸಿ ಬೇಕಾದುದರ ಕಡೆಗೆ ನಡೆಸುತ್ತದೆ. ಹೇಗೆ, ಎತ್ತ, ಎಷ್ಟು ಎಂಬುದು ಅದನ್ನು ಹಿಡಿಯುವ ಗ್ರಾಹಕದ ಮೇಲೆ ನಿಂತಿದೆ.' ಇದು ಸರಳವಲ್ಲವೆ? ಏಳನೆಯ ತರಗತಿಯ ಹುಡುಗನಿಗೆ ತಿಳಿಯುತ್ತದೆ. 'ಹೆದರಿಸಿದರೆ ಹುಡುಗರು ಮಾದಕವಸ್ತುಗಳಿಂದ ದೂರವಿರುತ್ತಾರೆ, ಸುಳ್ಳಾದರೂ ಒಳ್ಳೆಯ ಸುಳ್ಳು' ಎಂದು ಇನ್ನೊಬ್ಬರು. ನಾನು ಮಾದಕವಸ್ತುಗಳ ವಕೀಲನಲ್ಲ. ಕೊಕೇನ್, ಮೆಥಾಂಫೆಟಮಿನ್ ಮನೆ ಹಾಳುಮಾಡುವುದನ್ನು ಕಂಡಿದ್ದೇನೆ. ಆದರೆ ಮೊಬೈಲು, ಜಿಲೇಬಿ, ಕೊಕೇನ್ ಮೂರೂ ಒಂದೇ ರಸದ ಹೆಚ್ಚುಕಡಿಮೆ ಎಂದು ಕೇಳಿ ಬೆಳೆದ ಹುಡುಗ ಏನು ತಿಳಿಯುತ್ತಾನೆ? ಜಿಲೇಬಿ ತಿಂದು ಬದುಕಿದ್ದೇನೆ, ಇದನ್ನೂ ನೋಡಿಬಿಡೋಣ, ಎಂದಲ್ಲವೆ? ಹೆದರಿಸಲು ಹೇಳಿದ್ದು ಅವನಿಗೆ ಧೈರ್ಯವಾಗುತ್ತದೆ. ಅತ್ತ, ನಿಜವಾಗಿ ಮದ್ದು ಬೇಕಾದ ಹುಡುಗನ ಅಜ್ಜಿ ಹೆದರಿ ಡಬ್ಬಿ ಮುಚ್ಚುತ್ತಾರೆ.

ಇನ್ನೊಂದು ಮಾತು. ಗಿರಕಿ ಹೊಡೆದ ಆ ಇಲಿಗಳನ್ನು ಪ್ರಯೋಗ ಮುಗಿದ ಮೇಲೆ ಕೊಲ್ಲಬೇಕಾಗಿತ್ತು. ಆ ಕೆಲಸವನ್ನು ನಾನು ಸಹಾಯಕರಿಗೆ ಬಿಡದೆ ಕೈಯಾರೆ ಮಾಡಿದ್ದೇನೆ. ಎಷ್ಟೆಂದು ಎಣಿಸಿಟ್ಟಿಲ್ಲ. ಅಷ್ಟು ಬೆಲೆ ತೆತ್ತು ಅವು ನಮಗೆ ಹೇಳಿಹೋದ ಮಾತು ಒಂದು. ನಾವು ಅವುಗಳ ಬಾಯಲ್ಲಿ ತುರುಕುತ್ತಿರುವ ಮಾತು ಇನ್ನೊಂದು.

ಮರುದಿನ ಬೆಳಗ್ಗೆ ಪಕ್ಕದ ಮನೆಗೆ ಹೋಗಿ, ವೈದ್ಯರನ್ನು ಕೇಳದೆ ಏನೂ ನಿಲ್ಲಿಸಬೇಡಿ ಎಂದೆ. ಅಜ್ಜಿ ಅನುಮಾನದಿಂದಲೇ ಒಪ್ಪಿ ದೂರವಾಣಿ ಮಾಡಿದರು. ಬಡಾವಣೆ ಸಂಘದ ಕಾರ್ಯದರ್ಶಿಗಳಿಗೂ ನನ್ನ ಅಸಮಾಧಾನ ತಿಳಿಸಿದೆ. ಅವರು ಸಜ್ಜನರು, ಬರುವ ತಿಂಗಳು ನೀವೇ ಮಾತಾಡಿ ಎಂದರು. ಎರಡು ಗಂಟೆ ಬೇಕಾಗುತ್ತದೆ ಎಂದೆ. ಇಪ್ಪತ್ತು ನಿಮ್ಮಿಷಕ್ಕೆ ಮಿತಿಗೊಳಿಸಿಕೊಳ್ಳಿ, ಮತ್ತು ಕರಪತ್ರದಲ್ಲಿ 'ಗ್ರಾಹಕ' ಎಂದು ಹಾಕಿದರೆ ಬಳಕೆದಾರರ ವೇದಿಕೆಯವರು ಬಂದಾರು, 'ಆನಂದ' ಎಂಬ ಪದ ಎಲ್ಲಾದರೂ ಇರಲಿ, ಎಂದರು. ಇನ್ನೂ ಉತ್ತರ ಕೊಟ್ಟಿಲ್ಲ.